ಬೆಕ್ಕಿಗೆ ಆಟ ಕಲಿಸುವ ಬಗೆ: ಒಂದು ‘ಟಕ್’ ಸದ್ದು, ಒಂದು ಚೂರು ಕೋಳಿ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಇಲಿಗಳ ಕಾಟ ಕಳೆಯಲೆಂದು ಕೃಷ್ಣದೇವರಾಯ ಮನೆಗೊಂದು ಬೆಕ್ಕನ್ನೂ, ಅದಕ್ಕೆ ಹಾಲೆರೆಯಲು ಒಂದು ಹಸುವನ್ನೂ ಕೊಟ್ಟಾಗ, ರಾಮಕೃಷ್ಣ ಕುದಿಯುವ ಹಾಲನ್ನೇ ಬೆಕ್ಕಿನ ಮುಂದಿಟ್ಟ. ಬಾಯಿ ಸುಟ್ಟುಕೊಂಡ ಆ ಪ್ರಾಣಿ ಮುಂದೆ ಹಾಲಿನ ಬಟ್ಟಲನ್ನು ಕಂಡರೆ ಸಾಕು, ಓಟ ಕೀಳುತ್ತಿತ್ತು. ಈ ಕಥೆಯನ್ನು ನಾವು ರಾಮಕೃಷ್ಣನ ಜಾಣತನಕ್ಕಾಗಿ ನೆನೆಯುತ್ತೇವೆ. ಬೆಕ್ಕು ಸಾಕುವವರು ಅದನ್ನು ಬೆಕ್ಕಿನ ಕಡೆಯಿಂದಲೂ ಒಮ್ಮೆ ಓದಿಕೊಳ್ಳಬೇಕು. ಒಂದೇ ಪಾಠದಲ್ಲಿ ಅದು ಬದುಕಿಡೀ ಮರೆಯದ ಸಂಗತಿಯೊಂದನ್ನು ಕಲಿತಿತ್ತು. ಹಾಗಾಗಿ ‘ನಾಯಿಗೆ ಕಲಿಸಬಹುದು, ಬೆಕ್ಕಿಗೆ ಕಲಿಸಲಾಗದು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಫ್ರಿಜ್ಜಿನ ಬಾಗಿಲಿನ ಸದ್ದು, ಬೆಳಿಗ್ಗೆ ಮೀನು ಮಾರುವವರ ಕೂಗು, ಮನೆಯವರ ಸ್ಕೂಟರಿನ ದನಿ ಇವೆಲ್ಲವನ್ನೂ ಯಾರೂ ಹೇಳಿಕೊಡದೆಯೇ ಗುರುತಿಸುವ ಪ್ರಾಣಿ ಅದು. ನಾವು ಮಾಡಬೇಕಾದದ್ದು ಇಷ್ಟೇ: ಅದು ತಾನಾಗಿ ಮಾಡಿದ ಒಳ್ಳೆಯ ಚಲನೆಯನ್ನು ಸರಿಯಾದ ಕ್ಷಣದಲ್ಲಿ ಹಿಡಿದು, ಅದಕ್ಕೆ ತಕ್ಕ ಕೂಲಿ ಕೊಡುವುದು.

ಬೆಕ್ಕುಗಳ ಕಲಿಕೆಯನ್ನು ಪ್ರಯೋಗದ ಮೂಲಕ ಮೊದಲು ಅಳೆದವರಲ್ಲಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಮುಖ್ಯರು. 1898ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧಕ್ಕಾಗಿ ಅವರು ಹಸಿದ ಬೆಕ್ಕುಗಳನ್ನು ಮರದ ಪೆಟ್ಟಿಗೆಗಳಲ್ಲಿಟ್ಟು, ಹೊರಗೆ ಮೀನಿನ ಚೂರನ್ನು ಇಡುತ್ತಿದ್ದರು. ಒಳಗಿನ ದಾರದ ಕುಣಿಕೆಯನ್ನು ಎಳೆದರೆ ಅಥವಾ ಹಲಗೆಯನ್ನು ಒತ್ತಿದರೆ ಬಾಗಿಲು ತೆರೆಯುತ್ತಿತ್ತು. ಮೊದಲ ಸಲ ಆಕಸ್ಮಿಕವಾಗಿ ಹೊರಬಂದ ಬೆಕ್ಕು ಮತ್ತೆ ಮತ್ತೆ ಒಳಗಿಟ್ಟಾಗ ಕಡಿಮೆ ಕಡಿಮೆ ಹೊತ್ತಿನಲ್ಲಿ ಹೊರಬರುತ್ತಿತ್ತು. ಈ ಪ್ರಯೋಗದಲ್ಲಿ ನಮಗೆ ಇನ್ನೂ ಹೆಚ್ಚು ಉಪಯೋಗಕ್ಕೆ ಬರುವ ಅಂಶವೊಂದಿದೆ. ಬೆಕ್ಕಿನ ಪಂಜವನ್ನು ತಾವೇ ಹಿಡಿದು ಕುಣಿಕೆಯನ್ನು ಎಳೆಸಿ ತೋರಿಸಿದಾಗ ಬೆಕ್ಕು ಅದರಿಂದ ಕಲಿಯಲಿಲ್ಲವೆಂದು ಥಾರ್ನ್‌ಡೈಕ್ ದಾಖಲಿಸಿದ್ದಾರೆ. ಮಕ್ಕಳು ಬೆಕ್ಕಿನ ಮುಂಗಾಲನ್ನು ಹಿಡಿದು ‘ಶೇಕ್ ಹ್ಯಾಂಡ್’ ಮಾಡಿಸುವುದನ್ನು ಅನೇಕ ಮನೆಗಳಲ್ಲಿ ಕಾಣುತ್ತೇವೆ. ಹಾಗೆ ವರ್ಷಗಟ್ಟಲೆ ಮಾಡಿಸಿದರೂ ಬೆಕ್ಕು ತಾನಾಗಿ ಕೈ ಕೊಡುವುದನ್ನು ಕಲಿಯದು; ಕಾಲು ಹಿಡಿಯಲು ಬಂದವರಿಂದ ತಪ್ಪಿಸಿಕೊಳ್ಳುವುದನ್ನು ಮಾತ್ರ ಕಲಿಯುತ್ತದೆ.

ಮೊದಲ ಸಿದ್ಧತೆ: ಕೂಲಿ ಯಾವುದು, ಎಷ್ಟು

ಪಾಠ ಆರಂಭಿಸುವ ಮೊದಲು ನಿಮ್ಮ ಬೆಕ್ಕು ಯಾವುದಕ್ಕೆ ಮನಸೋಲುತ್ತದೆ ಎಂಬುದನ್ನು ಕಂಡುಕೊಳ್ಳಿ. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲದೆ ಬರೀ ನೀರಿನಲ್ಲಿ ಬೇಯಿಸಿದ ಕೋಳಿ ಎದೆಮಾಂಸ ಬಹುತೇಕ ಬೆಕ್ಕುಗಳಿಗೆ ಪ್ರಿಯ. ಈರುಳ್ಳಿ ಮತ್ತು ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಹಾಳುಮಾಡುವುದರಿಂದ ಅಡುಗೆಯ ಸಾರಿನಿಂದ ತೆಗೆದ ತುಂಡನ್ನು ತೊಳೆದು ಕೊಡುವುದೂ ಬೇಡ. ಕರಾವಳಿಯ ಮನೆಗಳಲ್ಲಿ ಒಣಮೀನು ಸುಲಭವಾಗಿ ಕೈಗೆ ಸಿಗುತ್ತದೆಯಾದರೂ ಉಪ್ಪು ಹಾಕಿ ಒಣಗಿಸಿದ ಮೀನು ದಿನವೂ ಕೊಡುವ ಪದಾರ್ಥವಲ್ಲ. ಮಾಂಸವನ್ನು ಒಳಗೆ ತಾರದ ಮನೆಗಳಲ್ಲಿ ಅಂಗಡಿಯಲ್ಲಿ ದೊರೆಯುವ ಬೆಕ್ಕಿನ ಒಣ ತಿನಿಸಿನ ಕಾಳುಗಳನ್ನೋ, ಪುಟ್ಟ ಪೊಟ್ಟಣದಿಂದ ಹಿಂಡಿ ನೆಕ್ಕಿಸುವ ತಿನಿಸನ್ನೋ ಬಳಸಬಹುದು. ಕೆಲವು ಬೆಕ್ಕುಗಳು ಚಮಚದ ತುದಿಗೆ ಹಚ್ಚಿದ ಗಟ್ಟಿ ಮೊಸರಿಗೂ ದುಡಿಯುತ್ತವೆ. ಹಾಲು ಬೇಡ. ಬೆಳೆದ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ತಗ್ಗಿರುವುದರಿಂದ ಎಷ್ಟೋ ಬೆಕ್ಕುಗಳಿಗೆ ಅದರಿಂದ ಭೇದಿಯಾಗುತ್ತದೆ. ಬೆಲ್ಲ, ಬಿಸ್ಕತ್ತು, ಸಿಹಿತಿಂಡಿಗಳೂ ವ್ಯರ್ಥ. ಸಿಹಿಯನ್ನು ಗ್ರಹಿಸಲು ಬೇಕಾದ ಜೀನ್ ಬೆಕ್ಕಿನ ಕುಲದಲ್ಲಿ ಕೆಲಸ ಮಾಡುವುದಿಲ್ಲವೆಂದು 2005ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ನಾಲ್ಕು ಕಿಲೋ ತೂಕದ, ಮನೆಯೊಳಗೇ ಇರುವ ಬೆಕ್ಕಿಗೆ ದಿನವೊಂದಕ್ಕೆ ಸುಮಾರು 200ರಿಂದ 250 ಕಿಲೋಕ್ಯಾಲರಿ ಆಹಾರ ಸಾಕಾಗುತ್ತದೆ. ಬಹುಮಾನದ ಚೂರುಗಳು ಅದರ ಹತ್ತನೇ ಒಂದು ಭಾಗವನ್ನು ಮೀರಬಾರದು ಎಂಬುದು ಪಾಲಿಸಬೇಕಾದ ಮಿತಿ. ಅಂದರೆ ಬೇಯಿಸಿದ ಕೋಳಿಮಾಂಸ 12 ಗ್ರಾಂ. ಇದು ಕಡಿಮೆಯೆಂದು ತೋರಬಹುದು. ಆದರೆ ಅದನ್ನೇ ಕಡಲೆಬೇಳೆಯ ಗಾತ್ರಕ್ಕೆ ಹೆಚ್ಚಿಕೊಂಡರೆ ಐವತ್ತರಷ್ಟು ಚೂರುಗಳಾಗುತ್ತವೆ, ಮತ್ತು ಒಂದು ದಿನದ ಪಾಠಗಳಿಗೆ ಅಷ್ಟು ಧಾರಾಳ. ಚೂರು ದೊಡ್ಡದಾದರೆ ಬೆಕ್ಕು ಜಗಿಯುತ್ತಾ ಕುಳಿತು ತಾನು ಏನು ಮಾಡಿದ್ದಕ್ಕೆ ಅದು ಸಿಕ್ಕಿತೆಂಬುದನ್ನೇ ಮರೆಯುತ್ತದೆ.

ಊಟಕ್ಕೆ ಅರ್ಧ ಗಂಟೆ ಮುಂಚಿನ ಹೊತ್ತು ಪಾಠಕ್ಕೆ ಒಳ್ಳೆಯದು. ಹಾಗೆಂದು ಬೆಕ್ಕನ್ನು ಉಪವಾಸ ಕೆಡವಿ ಕಲಿಸಲು ಹೋಗಬೇಡಿ. ಒಂದೆರಡು ದಿನ ಏನನ್ನೂ ತಿನ್ನದೆ ಉಳಿದ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಪಾಠದ ಅವಧಿ ಎರಡರಿಂದ ಐದು ನಿಮಿಷ, ದಿನಕ್ಕೆ ಎರಡು ಅಥವಾ ಮೂರು ಸಲ; ಬೆಕ್ಕು ಬೇಸರಗೊಳ್ಳುವ ಮೊದಲೇ ನೀವು ನಿಲ್ಲಿಸಬೇಕು. ಬಾಲವನ್ನು ಪಟಪಟನೆ ಬಡಿಯುವುದು, ಕಿವಿಗಳನ್ನು ಪಕ್ಕಕ್ಕೆ ಚಪ್ಪಟೆಯಾಗಿಸುವುದು, ಬೆನ್ನಿನ ಚರ್ಮವನ್ನು ಅದುರಿಸುವುದು, ಇದ್ದಕ್ಕಿದ್ದಂತೆ ಮೈ ನೆಕ್ಕಿಕೊಳ್ಳತೊಡಗುವುದು ಇವೆಲ್ಲ ಸಾಕೆಂಬುದರ ಸೂಚನೆಗಳು.

‘ಟಕ್’ ಸದ್ದಿನ ಅರ್ಥ

ಬೆಕ್ಕು ಕುಳಿತ ಕ್ಷಣಕ್ಕೂ ನಿಮ್ಮ ಕೈಯ ಚೂರು ಅದರ ಬಾಯಿ ಸೇರುವ ಕ್ಷಣಕ್ಕೂ ನಡುವೆ ಎರಡು ಮೂರು ಸೆಕೆಂಡುಗಳು ಕಳೆಯುತ್ತವೆ. ಆ ಹೊತ್ತಿನಲ್ಲಿ ಬೆಕ್ಕು ಎದ್ದಿರುತ್ತದೆ, ತಿರುಗಿರುತ್ತದೆ, ನಿಮ್ಮ ಕೈಯನ್ನು ಪರಚಿರಲೂಬಹುದು. ಬಹುಮಾನ ಯಾವುದಕ್ಕೆ ಬಂತೆಂದು ಅದಕ್ಕೆ ಹೇಗೆ ತಿಳಿಯಬೇಕು? ಈ ಅಂತರವನ್ನು ತುಂಬಲು ತರಬೇತುದಾರರು ಒಂದು ಗುರುತಿನ ಸದ್ದನ್ನು ಬಳಸುತ್ತಾರೆ. ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಅವರ ಶಿಷ್ಯರಾಗಿದ್ದ ಕೆಲ್ಲರ್ ಮತ್ತು ಮೇರಿಯನ್ ಬ್ರೆಲೆಂಡ್ ದಂಪತಿ 1940ರ ದಶಕದಲ್ಲಿ ಈ ಕ್ರಮವನ್ನು ಪ್ರಯೋಗಶಾಲೆಯಿಂದ ಹೊರಗೆ ತಂದು ಹಲವು ಬಗೆಯ ಪ್ರಾಣಿಗಳ ಮೇಲೆ ಯಶಸ್ವಿಯಾಗಿ ಬಳಸಿದರು. ಸಾಕುಪ್ರಾಣಿಗಳ ಅಂಗಡಿಗಳಲ್ಲಿ ಇಂದು ಸಿಗುವ ‘ಕ್ಲಿಕ್ಕರ್’ ಎಂಬ ಪುಟ್ಟ ಸಾಧನ ಆ ಕ್ರಮದ್ದೇ. ಅದು ಇಲ್ಲದಿದ್ದರೆ ಗುಂಡಿ ಒತ್ತುವ ಬಾಲ್‌ಪೆನ್ನು ಸಾಕು. ನಾಲಗೆಯನ್ನು ಅಂಗುಳಿಗೆ ಹಚ್ಚಿ ‘ಟಕ್’ ಎನ್ನಿಸಿದರೂ ನಡೆದೀತು. ಬಹಳ ಅಂಜುವ ಬೆಕ್ಕಿಗೆ ಕ್ಲಿಕ್ಕರ್‌ಗಿಂತ ಪೆನ್ನಿನ ಮೆಲುದನಿಯೇ ಮೇಲು.

ಮೊದಲ ಎರಡು ದಿನ ಬೆಕ್ಕಿನಿಂದ ಏನನ್ನೂ ಬಯಸಬೇಡಿ. ಸದ್ದು ಮಾಡಿ, ತಕ್ಷಣ ಒಂದು ಚೂರು ಕೊಡಿ; ಹೀಗೆ ಒಂದು ಕೂತಿಗೆ ಹತ್ತು ಹನ್ನೆರಡು ಸಲ. ಬೆಕ್ಕು ಬೇರೆಡೆ ನೋಡುತ್ತಿರುವಾಗ ಸದ್ದು ಮಾಡಿದರೂ ಅದು ಥಟ್ಟನೆ ನಿಮ್ಮ ಕೈಯತ್ತ ತಿರುಗಿದರೆ ಸದ್ದಿನ ಅರ್ಥ ಅದಕ್ಕೆ ತಿಳಿದಿದೆ. ಇಲ್ಲಿಂದ ಮುಂದೆ ಎರಡು ನಿಯಮಗಳನ್ನು ಮುರಿಯಬಾರದು: ಸದ್ದು ಮಾಡಿದ ಮೇಲೆ, ಕೈತಪ್ಪಿ ಮಾಡಿದ್ದರೂ ಸರಿ, ಚೂರು ಕೊಡಲೇಬೇಕು, ಮತ್ತು ಆ ಸದ್ದನ್ನು ಬೆಕ್ಕನ್ನು ಕರೆಯಲೋ ಆಟವಾಡಿಸಲೋ ಬಳಸಬಾರದು. ಕಲಿಸುವವರ ಕೌಶಲವೆಲ್ಲ ಈ ಸದ್ದಿನ ಹೊತ್ತುಗಾರಿಕೆಯಲ್ಲಿದೆ. ಬೆಕ್ಕಿನ ಬಳಿಗೆ ಹೋಗುವ ಮೊದಲು ಮನೆಯವರೊಬ್ಬರು ಚೆಂಡನ್ನು ಪುಟಿಸುತ್ತಿರುವಾಗ ಅದು ನೆಲಕ್ಕೆ ತಗಲುವ ಕ್ಷಣಕ್ಕೇ ಸರಿಯಾಗಿ ಪೆನ್ನಿನ ಗುಂಡಿ ಒತ್ತುವುದನ್ನು ಅಭ್ಯಾಸ ಮಾಡಿ. ಮೊದಮೊದಲು ಎಲ್ಲರದೂ ತಡವಾಗುತ್ತದೆ. ಹತ್ತು ನಿಮಿಷದ ಅಭ್ಯಾಸದಲ್ಲಿ ಕೈ ಕುದುರುತ್ತದೆ.

ಕುಳಿತುಕೊಳ್ಳುವುದು

ಚೂರನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಬೆಕ್ಕಿನ ಮೂಗಿನ ಹತ್ತಿರ ತನ್ನಿ. ಅಲ್ಲಿಂದ ಕೈಯನ್ನು ನಿಧಾನವಾಗಿ ಮೇಲಕ್ಕೆ, ತುಸು ಹಿಂದಕ್ಕೆ, ಎರಡು ಕಿವಿಗಳ ನಡುವಿನ ಜಾಗದ ಮೇಲೆ ಹಾಯುವಂತೆ ಒಯ್ಯಿರಿ. ಕಣ್ಣು ಮೇಲೇರಿದಂತೆ ತಲೆ ಏರುತ್ತದೆ, ತಲೆ ಏರಿದಂತೆ ಹಿಂಭಾಗ ತಾನಾಗಿ ನೆಲಕ್ಕಿಳಿಯುತ್ತದೆ. ಹಿಂಭಾಗ ನೆಲ ಮುಟ್ಟಿದ ಆ ಕ್ಷಣದಲ್ಲಿ ‘ಟಕ್’, ಬಳಿಕ ಚೂರು. ಕೈ ಬಹಳ ಎತ್ತರಕ್ಕೆ ಹೋದರೆ ಬೆಕ್ಕು ಹಿಂಗಾಲ ಮೇಲೆ ನಿಂತು ಪಂಜದಿಂದ ಎಳೆಯುತ್ತದೆ. ಹಾಗಾದರೆ ಮೂಗಿಗೆ ಇನ್ನಷ್ಟು ಹತ್ತಿರ ಹಿಡಿಯಿರಿ. ಹಿಂದೆ ಹಿಂದೆ ಸರಿಯುವ ಬೆಕ್ಕನ್ನು ಗೋಡೆಯ ಮೂಲೆಗೆ ಬೆನ್ನು ಮಾಡಿ ನಿಂತಿರುವಾಗ ಕಲಿಸಬಹುದು. ಬೆನ್ನು ಒತ್ತಿ ಕೂರಿಸುವುದು ಮಾತ್ರ ಯಾವ ಕಾರಣಕ್ಕೂ ಬೇಡ.

ಐದಾರು ಸಲ ಸರಿಯಾಗಿ ಆದ ಮೇಲೆ ಬೆರಳುಗಳ ನಡುವೆ ಚೂರನ್ನು ಹಿಡಿಯದೆ ಅದೇ ಕೈಸನ್ನೆಯನ್ನು ಮಾಡಿ, ಬೆಕ್ಕು ಕುಳಿತೊಡನೆ ಸದ್ದು ಮಾಡಿ, ಇನ್ನೊಂದು ಕೈಯಿಂದ ಬಹುಮಾನ ಕೊಡಿ. ಈ ಹೆಜ್ಜೆಯನ್ನು ಬಿಟ್ಟವರ ಬೆಕ್ಕು ಕೈಯಲ್ಲಿ ತಿನಿಸು ಕಂಡಾಗ ಮಾತ್ರ ಕೂರುವ ಬೆಕ್ಕಾಗಿ ಉಳಿಯುತ್ತದೆ. ಮಾತು ಬರಬೇಕಾದದ್ದು ಎಲ್ಲಕ್ಕಿಂತ ಕೊನೆಗೆ. ಸನ್ನೆಗೆ ಪ್ರತಿ ಸಲ ಕುಳಿತುಕೊಳ್ಳತೊಡಗಿದ ಮೇಲೆ, ಸನ್ನೆಗೆ ಒಂದು ಸೆಕೆಂಡು ಮುಂಚೆ ಒಂದು ಪದವನ್ನು ಹೇಳಿ. ಕೆಲವು ದಿನಗಳಲ್ಲಿ ಪದವೊಂದೇ ಸಾಕಾಗುತ್ತದೆ. ಅಜ್ಜಿ ‘ಕುಂತ್ಕೋ’ ಎಂದು, ಅಮ್ಮ ‘ಕೂತ್ಕೊಳೇ’ ಎಂದು, ಮಗ ‘ಸಿಟ್’ ಎಂದು ಹೇಳುವ ಮನೆಯಲ್ಲಿ ಬೆಕ್ಕು ಮೂರು ಪದಗಳನ್ನು ಕಲಿಯಬೇಕಾಗುತ್ತದೆ. ಮೊದಲೇ ಒಂದನ್ನು ಆರಿಸಿ ಎಲ್ಲರೂ ಅದನ್ನೇ ಬಳಸಿ.

ಕೋಲಿನ ತುದಿಯನ್ನು ಮುಟ್ಟುವುದು

ಇದು ನೋಡಲು ಚಮತ್ಕಾರವಲ್ಲ. ಆದರೆ ಮುಂದಿನ ಚಮತ್ಕಾರಗಳ ಬೀಗದ ಕೈ ಇದೇ. ಮರದ ಸೌಟಿನ ಹಿಡಿಯನ್ನೋ ತೆಳುವಾದ ಕೋಲನ್ನೋ ಬೆಕ್ಕಿನ ಮುಖದಿಂದ ನಾಲ್ಕು ಬೆರಳು ದೂರದಲ್ಲಿ ಹಿಡಿಯಿರಿ. ಹೊಸ ವಸ್ತುವನ್ನು ಮೂಸದೆ ಬಿಡುವ ಬೆಕ್ಕು ಅಪರೂಪ. ಮೂಗು ತುದಿಗೆ ತಗಲಿದಾಗ ‘ಟಕ್’. ಹತ್ತಾರು ಸಲ ಆದ ಮೇಲೆ ಒಂದು ಅಡಿ ದೂರ, ಬಳಿಕ ಎರಡು ಅಡಿ, ಬಳಿಕ ಸ್ಟೂಲಿನ ಮೇಲೆ. ಕೋಲನ್ನು ಬೆಕ್ಕಿನ ಸುತ್ತ ವೃತ್ತವಾಗಿ ಒಯ್ದರೆ ಅದು ಗಿರಕಿ ಹೊಡೆಯುತ್ತದೆ. ಆದರೆ ಮೊದಲ ದಿನವೇ ಪೂರ್ತಿ ಸುತ್ತನ್ನು ಬಯಸದೆ ಕಾಲು ಸುತ್ತಿಗೆ, ಅರ್ಧ ಸುತ್ತಿಗೆ ಬಹುಮಾನ ಕೊಡುತ್ತಾ ಬೆಳೆಸಬೇಕು. ಕಸೂತಿಯ ಬಳೆಯಂತಹ ಒಂದು ದೊಡ್ಡ ಬಳೆಯನ್ನು ನೆಲಕ್ಕೆ ತಾಗಿಸಿ ನಿಲ್ಲಿಸಿ, ಆಚೆ ಬದಿಯಲ್ಲಿ ಕೋಲು ತೋರಿಸಿದರೆ ಬೆಕ್ಕು ಅದರೊಳಗಿಂದ ನಡೆದು ಹಾಯುತ್ತದೆ. ಬಳೆಯನ್ನು ದಿನಕ್ಕೆ ಒಂದೆರಡು ಅಂಗುಲ ಏರಿಸುತ್ತಾ ಹೋದರೆ ನಡಿಗೆ ಜಿಗಿತವಾಗುತ್ತದೆ. ನುಣುಪಾದ ಟೈಲ್ಸ್ ಅಥವಾ ಗ್ರಾನೈಟ್ ನೆಲದ ಮೇಲೆ ಜಿಗಿತ ಕಲಿಸುವವರು ಜಮಖಾನೆಯನ್ನೋ ಗೋಣಿತಟ್ಟನ್ನೋ ಹಾಸಲು ಮರೆಯಬಾರದು, ಏಕೆಂದರೆ ಒಮ್ಮೆ ಕಾಲು ಜಾರಿ ನೋವಾದರೆ ರಾಮಕೃಷ್ಣನ ಹಾಲಿನ ಪಾಠವೇ ಇಲ್ಲಿಯೂ ಮರುಕಳಿಸುತ್ತದೆ.

ಕೈ ಕೊಡುವುದಕ್ಕೆ ಬೇರೆ ದಾರಿ. ಚೂರನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಬೆಕ್ಕಿನ ಎದೆಯ ಎತ್ತರದಲ್ಲಿ ಹಿಡಿದು ಸುಮ್ಮನೆ ಕಾಯಿರಿ. ಅದು ಮೂಸುತ್ತದೆ, ನೆಕ್ಕುತ್ತದೆ, ಕೂಗುತ್ತದೆ. ಯಾವುದಕ್ಕೂ ಮುಷ್ಟಿ ತೆರೆಯಬೇಡಿ. ಕೊನೆಗೊಮ್ಮೆ ಪಂಜವನ್ನೆತ್ತಿ ಕೈ ಮುಟ್ಟುತ್ತದೆ. ಆಗ ‘ಟಕ್’. ನಾಲ್ಕೈದು ದಿನಗಳ ಬಳಿಕ ಮುಷ್ಟಿಯ ಬದಲು ಅಂಗೈಯನ್ನು ಒಡ್ಡಿ. ಉಗುರು ಚಾಚಿ ಹೊಡೆದ ಏಟಿಗೆ ಬಹುಮಾನ ಕೊಡದೆ ಮೆತ್ತಗೆ ಮುಟ್ಟಿದ್ದಕ್ಕೆ ಮಾತ್ರ ಕೊಡುತ್ತಾ ಬಂದರೆ ಬೆಕ್ಕು ಉಗುರುಗಳನ್ನು ಒಳಗೆ ಎಳೆದುಕೊಂಡೇ ಕೈ ಕೊಡಲು ಕಲಿಯುತ್ತದೆ.

ಕರೆದಾಗ ಬರುವುದು

ಈ ಕಲಿಕೆ ಪ್ರಾಣ ಉಳಿಸಬಲ್ಲದು. ಮಹಡಿಯ ಮನೆಗಳಲ್ಲಿ ಬಾಲ್ಕನಿಯ ಕಂಬಿಯಾಚೆ ನಡೆದ ಬೆಕ್ಕನ್ನು, ದೀಪಾವಳಿಯ ಪಟಾಕಿಯ ಸದ್ದಿಗೆ ಬೆದರಿ ಪಕ್ಕದ ಕಾಂಪೌಂಡಿನಲ್ಲಿ ಅಡಗಿದ ಬೆಕ್ಕನ್ನು ಬೆನ್ನಟ್ಟಿ ಹಿಡಿಯಲಾಗದು. ಅದು ತಾನಾಗಿ ಬರಬೇಕು. ಬೆಕ್ಕುಗಳು ತಮ್ಮ ಹೆಸರಿನ ಸದ್ದನ್ನು ಅದೇ ಉದ್ದದ ಬೇರೆ ಪದಗಳಿಂದ ಬೇರ್ಪಡಿಸಿ ಗುರುತಿಸುತ್ತವೆ ಎಂಬುದನ್ನು ಜಪಾನಿನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಗುರುತಿಸುವುದಕ್ಕೂ ಎದ್ದು ಬರುವುದಕ್ಕೂ ಇರುವ ಅಂತರವನ್ನು ತುಂಬುವುದು ನಮ್ಮ ಕೆಲಸ.

ಒಂದು ಹೆಜ್ಜೆ ದೂರದಲ್ಲಿ ನಿಂತು ಹೆಸರು ಹೇಳಿ, ಬೆಕ್ಕು ನಿಮ್ಮತ್ತ ಕಾಲಿಟ್ಟ ಕ್ಷಣದಲ್ಲಿ ಸದ್ದು ಮಾಡಿ, ಪಾದದ ಬಳಿ ಚೂರು ಇಡಿ. ದೂರವನ್ನು ಕೋಣೆಯ ಉದ್ದಕ್ಕೆ, ಆಮೇಲೆ ಪಕ್ಕದ ಕೋಣೆಗೆ ವಿಸ್ತರಿಸಿ. ಮನೆಯ ಇಬ್ಬರು ಎರಡು ಕೋಣೆಗಳಲ್ಲಿ ಕುಳಿತು ಸರದಿಯಂತೆ ಕರೆದರೆ ಬೆಕ್ಕು ಅದನ್ನು ಆಟವೆಂದೇ ಭಾವಿಸುತ್ತದೆ. ಈ ಪಾಠಕ್ಕೆ ಬೇರೆಲ್ಲಕ್ಕಿಂತ ರುಚಿಯಾದ ತಿನಿಸನ್ನು ಮೀಸಲಿಡಿ. ಮತ್ತು ನೆನಪಿಡಿ, ಆ ಕರೆಯನ್ನು ಬೆಕ್ಕಿಗೆ ಇಷ್ಟವಿಲ್ಲದ ಕೆಲಸಕ್ಕಾಗಿ ಎಂದೂ ಬಳಸಬಾರದು. ನಮ್ಮ ಮನೆಯ ಚುಕ್ಕಿಯನ್ನು ನಾನು ಒಮ್ಮೆ ಅಕ್ಕರೆಯಿಂದ ಹೆಸರು ಹಿಡಿದು ಕರೆದು, ಬಂದವಳನ್ನು ಹಿಡಿದು ಜಂತುಹುಳುವಿನ ಔಷಧಿ ಕುಡಿಸಿದೆ. ಆಮೇಲೆ ಒಂದು ತಿಂಗಳ ಕಾಲ ಅವಳು ಹೆಸರು ಕೇಳಿದೊಡನೆ ಮಂಚದಡಿಗೆ ಸೇರುತ್ತಿದ್ದಳು. ಹಾಳಾದ ಕರೆಯನ್ನು ಸರಿಪಡಿಸುವುದಕ್ಕಿಂತ ಹೊಸದನ್ನು ಕಲಿಸುವುದು ಸುಲಭವೆಂದು ಆಗ ತಿಳಿದು, ಸ್ಟೀಲಿನ ಡಬ್ಬಿಯ ಮುಚ್ಚಳವನ್ನು ಎರಡು ಸಲ ತಟ್ಟುವ ಸದ್ದನ್ನು ಮೊದಲಿನಿಂದ ಕಲಿಸಿದೆ. ಇಂದಿಗೂ ಅವಳು ಬರುವುದು ಆ ಸದ್ದಿಗೆ. ಔಷಧಿ ಕುಡಿಸಬೇಕಾದಾಗ ನಾನೇ ಅವಳಿರುವಲ್ಲಿಗೆ ಹೋಗುತ್ತೇನೆ.

ಎಡವುವ ಕಡೆಗಳು

ತಿನಿಸಿನ ಆತುರದಲ್ಲಿ ಬೆರಳು ಕಚ್ಚುವ ಬೆಕ್ಕಿಗೆ ಚೂರನ್ನು ಚಮಚದಲ್ಲಿ ಅಥವಾ ತಟ್ಟೆಯಲ್ಲಿ ಕೊಡಿ. ಎರಡು ಬೆಕ್ಕುಗಳಿದ್ದರೆ ಬೇರೆ ಬೇರೆ ಕೋಣೆಗಳಲ್ಲಿ ಕಲಿಸಿ. ಎದ್ದು ಹೊರಟ ಬೆಕ್ಕನ್ನು ತಡೆಯಬೇಡಿ. ಮೂರು ಸಲ ಸತತವಾಗಿ ತಪ್ಪಿದರೆ ತಪ್ಪು ಬೆಕ್ಕಿನದಲ್ಲ, ನೀವು ಕೇಳಿದ ಹೆಜ್ಜೆ ದೊಡ್ಡದಾಗಿದೆ. ಹಿಂದಿನ ಹೆಜ್ಜೆಗೆ ಮರಳಿ, ಅಲ್ಲಿ ಗೆಲ್ಲಿಸಿ, ಅಂದಿನ ಪಾಠ ಮುಗಿಸಿ. ಕೆಲವು ಬೆಕ್ಕುಗಳಿಗೆ ತಿನಿಸಿನಲ್ಲಿ ಆಸಕ್ತಿಯೇ ಕಡಿಮೆ. ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಹಾರ, ಆಟಿಕೆ, ವಾಸನೆ, ಮನುಷ್ಯರ ಸಂಗ ಇವುಗಳ ನಡುವೆ ಆಯ್ಕೆ ಕೊಟ್ಟಾಗ ಅತಿ ಹೆಚ್ಚು ಬೆಕ್ಕುಗಳು ಆರಿಸಿಕೊಂಡದ್ದು ಮನುಷ್ಯರ ಸಂಗವನ್ನು. ಅಂತಹ ಬೆಕ್ಕಿಗೆ ಗಲ್ಲದ ಕೆಳಗೆ ಕೆರೆಯುವುದೂ ದಾರಕ್ಕೆ ಕಟ್ಟಿದ ಗರಿಯನ್ನು ಆಡಿಸುವುದೂ ಕೋಳಿಯ ಚೂರಿನಷ್ಟೇ ಬೆಲೆಯುಳ್ಳ ಕೂಲಿ.

ಬೈಯುವುದು, ನೀರು ಚಿಮುಕಿಸುವುದು, ಮೂಗಿಗೆ ತಟ್ಟುವುದು ಇವುಗಳಿಂದ ಬೆಕ್ಕು ತಪ್ಪನ್ನು ಬಿಡುವುದಿಲ್ಲ, ನಿಮ್ಮನ್ನು ಬಿಡುತ್ತದೆ. ವಯಸ್ಸಾದ ಬೆಕ್ಕಿಗೆ ಜಿಗಿತಗಳನ್ನು ಕಲಿಸಬೇಡಿ. ಕೀಲುನೋವನ್ನು ಅವು ಬಾಯಿಬಿಟ್ಟು ಹೇಳುವುದಿಲ್ಲ. ನೆಂಟರು ಬಂದಾಗ ಬೆಕ್ಕನ್ನು ಮಲಗಿದ್ದಲ್ಲಿಂದ ಎತ್ತಿ ತಂದು ಆಟ ಮಾಡಿಸುವ ಪರಿಪಾಠ ನನಗೆ ಹಿಡಿಸುವುದಿಲ್ಲ. ಅದಾಗಿ ಬಂದರೆ ಮಾಡಿ ತೋರಿಸಲಿ. ಟಿಕೆಟ್ ಮಾರಿ ಜನರ ಮುಂದೆ ಪ್ರಾಣಿಗಳಿಂದ ಆಟವಾಡಿಸಬೇಕಾದರೆ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ನೋಂದಣಿ ಕಡ್ಡಾಯ ಎಂಬುದೂ ತಿಳಿದಿರಲಿ.

ಬುಟ್ಟಿಯೊಳಗೆ ತಾನಾಗಿ ಹೋಗುವುದು

ಎಲ್ಲ ಆಟಗಳಲ್ಲಿ ಒಂದನ್ನೇ ಕಲಿಸಲು ನಿಮಗೆ ಬಿಡುವಿದ್ದರೆ ಇದನ್ನು ಕಲಿಸಿ. ಹೆಚ್ಚಿನ ಮನೆಗಳಲ್ಲಿ ಬೆಕ್ಕನ್ನು ಒಯ್ಯುವ ಬುಟ್ಟಿ ಅಥವಾ ಪೆಟ್ಟಿಗೆ ವರ್ಷವಿಡೀ ಅಟ್ಟದ ಮೇಲಿದ್ದು, ಲಸಿಕೆಯ ದಿನ ಮಾತ್ರ ಕೆಳಗಿಳಿಯುತ್ತದೆ. ಅದನ್ನು ಕಂಡೊಡನೆ ಬೆಕ್ಕು ಬೀರುವಿನ ಹಿಂದೆ ಅಡಗುತ್ತದೆ, ಮನೆಯವರ ಕೈಗಳು ಪರಚಿಸಿಕೊಳ್ಳುತ್ತವೆ, ಕೊನೆಗೆ ‘ಇನ್ನೊಮ್ಮೆ ಹೋದರಾಯಿತು’ ಎಂದು ವೈದ್ಯರ ಭೇಟಿಯೇ ಮುಂದಕ್ಕೆ ಹೋಗುತ್ತದೆ. ಹೀಗೆ ಮುಂದಕ್ಕೆ ಹೋದ ಭೇಟಿಗಳಿಂದ ಕಾಯಿಲೆ ಉಲ್ಬಣಿಸಿದ ಬೆಕ್ಕುಗಳನ್ನು ಕಂಡಿರುವುದರಿಂದ ನಾನು ಈ ಪಾಠವನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಬುಟ್ಟಿಯನ್ನು ಇಂದೇ ಕೆಳಗಿಳಿಸಿ, ಒರೆಸಿ, ಬಾಗಿಲನ್ನು ಕಳಚಿ ಅಥವಾ ತೆರೆದಂತೆಯೇ ಕಟ್ಟಿ, ಬೆಕ್ಕು ಮಲಗುವ ಹಳೆಯ ಸೀರೆಯ ತುಂಡನ್ನು ಒಳಗೆ ಹಾಸಿ, ಮನೆಮಂದಿ ಓಡಾಡುವ ಕೋಣೆಯಲ್ಲಿಡಿ. ಮೊದಲ ವಾರ ಬುಟ್ಟಿಯತ್ತ ನೋಡಿದ್ದಕ್ಕೆ, ಹತ್ತಿರ ಸುಳಿದದ್ದಕ್ಕೆ, ಒಳಗೆ ಮೂಗು ಹಾಕಿದ್ದಕ್ಕೆ ಬಹುಮಾನ ಕೊಡಿ. ಎರಡನೆಯ ವಾರ ಒಂದು ಕಾಲು ಒಳಗಿಟ್ಟದ್ದಕ್ಕೆ, ಬಳಿಕ ನಾಲ್ಕೂ ಕಾಲುಗಳಿಗೆ. ಕೋಲನ್ನು ಮುಟ್ಟಲು ಕಲಿತ ಬೆಕ್ಕಾದರೆ ಕೋಲಿನ ತುದಿಯನ್ನು ಬುಟ್ಟಿಯ ಹಿಂಬದಿಯ ಕಿಂಡಿಯಿಂದ ಒಳಗೆ ತೂರಿಸಿದರೆ ಕೆಲಸ ಬೇಗ ಆಗುತ್ತದೆ. ಒಳಗೆ ನೆಮ್ಮದಿಯಿಂದ ಕೂರತೊಡಗಿದ ಮೇಲೆ ಬಾಗಿಲನ್ನು ಒಂದು ಸೆಕೆಂಡು ಮುಚ್ಚಿ ತೆರೆಯಿರಿ. ದಿನ ಕಳೆದಂತೆ ಐದು ಸೆಕೆಂಡು, ಅರ್ಧ ನಿಮಿಷ, ಎರಡು ನಿಮಿಷ. ಆಮೇಲೆ ಬುಟ್ಟಿಯನ್ನು ನೆಲದಿಂದ ಒಂದು ಗೇಣು ಎತ್ತಿ ಇಳಿಸಿ. ಕೋಣೆಯಲ್ಲಿ ಒಂದು ಸುತ್ತು ತಿರುಗಿ. ಮೆಟ್ಟಿಲಿಳಿದು ಗೇಟಿನವರೆಗೆ ಹೋಗಿ ಬನ್ನಿ. ನಿಂತಿರುವ ಆಟೋದಲ್ಲಿ ಎರಡು ನಿಮಿಷ ಕುಳಿತು ಮರಳಿ. ಒಂದೊಂದು ಹೆಜ್ಜೆಗೂ ಬುಟ್ಟಿಯ ಕಿಂಡಿಯಿಂದ ಚೂರು ಒಳಗೆ ಬೀಳುತ್ತಿರಲಿ. ಚುಕ್ಕಿಗೆ ಇದೆಲ್ಲ ಆರು ವಾರ ಹಿಡಿಯಿತು. ಅಂಜುಬುರುಕ ಬೆಕ್ಕಿಗೆ ಇನ್ನೂ ಹೆಚ್ಚು ಬೇಕಾಗಬಹುದು.

ನಿಜವಾಗಿ ವೈದ್ಯರಲ್ಲಿಗೆ ಹೋಗುವ ದಿನ ಬುಟ್ಟಿಯ ಮೇಲೆ ತೆಳುವಾದ ಹತ್ತಿಬಟ್ಟೆ ಹೊದಿಸಿ, ಗಾಳಿಯಾಡಲು ಒಂದು ಬದಿ ಬಿಡಿ. ಕಾಯುವಾಗ ಬುಟ್ಟಿಯನ್ನು ನಾಯಿಗಳಿರುವ ನೆಲದ ಮೇಲಿಡದೆ ತೊಡೆಯ ಮೇಲೋ ಕುರ್ಚಿಯ ಮೇಲೋ ಇಟ್ಟುಕೊಳ್ಳಿ. ಮನೆಗೆ ಬಂದ ಕೂಡಲೇ ಬುಟ್ಟಿಯನ್ನು ಅಟ್ಟಕ್ಕೆ ಏರಿಸಬೇಡಿ. ಅದರ ಹಳೆಯ ಜಾಗದಲ್ಲಿಯೇ ಬಾಗಿಲು ತೆರೆದಿಟ್ಟು, ಆಸ್ಪತ್ರೆಯ ವಾಸನೆ ಹಿಡಿದ ಬಟ್ಟೆಯನ್ನು ತೆಗೆದು ಬೇರೆಯದನ್ನು ಹಾಸಿ, ಅಂದಿನ ರಾತ್ರಿಯ ಊಟವನ್ನು ಅದರ ಹೊಸ್ತಿಲ ಬಳಿ ಇಡಿ, ಮತ್ತು ಬೆಕ್ಕು ಮರುದಿನ ಅಥವಾ ಮೂರನೆಯ ದಿನ ಮತ್ತೆ ಒಳಗೆ ಕಾಲಿಟ್ಟಾಗ ‘ಟಕ್’ ಎನ್ನಿಸಲು ಪೆನ್ನನ್ನು ಕೈಗೆಟಕುವಂತೆ ಇಟ್ಟುಕೊಂಡಿರಿ.